ಹವೆ ಬದಲಾದಾಗ ಕಾಲುಗಳೇಕೆ ಚಡಪಡಿಸುತ್ತವೆ?

ರಾತ್ರಿ ಊಟ ಮುಗಿದು, ಮನೆಯ ದೀಪಗಳೆಲ್ಲ ಆರಿದ ಮೇಲೆ ನೀವು ಹಾಸಿಗೆಗೆ ಒರಗುತ್ತೀರಿ. ಇನ್ನೇನು ನಿದ್ದೆ ಹತ್ತಬೇಕು ಎನ್ನುವಷ್ಟರಲ್ಲಿ ಮೀನಖಂಡದ ಒಳಗೆ ಏನೋ ಹರಿದಾಡಿದಂತಾಗುತ್ತದೆ. ಅದು ನೋವೂ ಅಲ್ಲ, ತುರಿಕೆಯೂ ಅಲ್ಲ. ಕಾಲು ಅಲುಗಿಸಿದರೆ ಹೋಗುತ್ತದೆ, ಸುಮ್ಮನಿಟ್ಟರೆ ಮತ್ತೆ ಬರುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಆರಾಮ, ಮಲಗಿದರೆ ಮತ್ತೆ ಶುರು. ಗಂಟೆ ಒಂದಾಗುತ್ತದೆ, ಎರಡಾಗುತ್ತದೆ. ಫಜ್ರ್‌ಗೆ ಏಳುವಾಗ ಮೈ ಭಾರ, ತಲೆ ಭಾರ, ದಿನವಿಡೀ ಸಿಡುಕು.

ಈ ತೊಂದರೆ ಇರುವವರು ನಮ್ಮ ಬಳಿ ಬಂದಾಗ ಅದನ್ನು ಬಣ್ಣಿಸಲು ತಡಕಾಡುತ್ತಾರೆ. 'ಕಾಲು ಎಳೆಯುತ್ತದೆ' ಎನ್ನುತ್ತಾರೆ. 'ಮೂಳೆಯೊಳಗೆ ಇರುವೆ ಹರಿದ ಹಾಗೆ' ಎನ್ನುತ್ತಾರೆ. ಮನೆಯವರಿಗೆ ಇದು ಅರ್ಥವಾಗುವುದು ಕಷ್ಟ. ಒಬ್ಬರು ನರದ ದೌರ್ಬಲ್ಯ ಎಂದರೆ ಇನ್ನೊಬ್ಬರು ಯೋಚನೆ ಹೆಚ್ಚಾಗಿದೆ ಎನ್ನುತ್ತಾರೆ, ಮತ್ತೊಬ್ಬರು ದೃಷ್ಟಿ ತಗಲಿದೆ ಎಂದು ನೂಲು ಕಟ್ಟಿಸುತ್ತಾರೆ. ಬಹಳಷ್ಟು ಮಂದಿ ಬೆರಳು ತೋರಿಸುವುದು ಮಾತ್ರ ಹವೆಯ ಕಡೆಗೆ: 'ಸೆಕೆ ಬಂದರೆ ನನಗೆ ಹೀಗೇ', 'ಮಳೆ ಹಿಡಿದರೆ ಸಾಕು, ಕಾಲು ಸುಮ್ಮನಿರುವುದಿಲ್ಲ.'

ಈ ಮಾತಿನಲ್ಲಿ ಸತ್ಯವಿದೆ. ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯದೆ ಹೋದರೆ ಸುಲಭವಾಗಿ ಗುಣಪಡಿಸಬಹುದಾದ ಕಾರಣವೊಂದು ವರ್ಷಗಟ್ಟಲೆ ದೇಹದಲ್ಲಿ ಅಡಗಿ ಕುಳಿತಿರಬಹುದು.

ಇದು ನಿಜವಾದ ಕಾಯಿಲೆ

ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಡದಲ್ಲಿ ಕಾಲುಗಳ ಚಡಪಡಿಕೆ ಎನ್ನೋಣ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದರ ಬಗ್ಗೆ ಬರೆದಿದ್ದರು. ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿ ಈ ಹೆಸರು ಕೊಟ್ಟರು. ಬೆಂಗಳೂರಿನ ಜನರ ನಡುವೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಇದು ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೂ ಬರುವುದುಂಟು.

ನಿಮಗೆ ಇರುವುದು ಇದೇ ಹೌದೇ ಎಂದು ತಿಳಿಯಲು ನಾಲ್ಕು ಪ್ರಶ್ನೆಗಳು ಸಾಕು:

1. ಕಾಲನ್ನು ಅಲುಗಿಸಲೇಬೇಕು ಎಂಬ ತಡೆಯಲಾಗದ ಒತ್ತಡ ಬರುತ್ತದೆಯೇ?
2. ಕುಳಿತಾಗ, ಮಲಗಿದಾಗ ಅದು ಶುರುವಾಗುತ್ತದೆಯೇ ಅಥವಾ ಹೆಚ್ಚುತ್ತದೆಯೇ?
3. ನಡೆದಾಗ, ಕಾಲು ಚಾಚಿದಾಗ, ತಿಕ್ಕಿದಾಗ ಅಷ್ಟು ಹೊತ್ತಾದರೂ ಕಡಿಮೆಯಾಗುತ್ತದೆಯೇ?
4. ಸಂಜೆ ಮತ್ತು ರಾತ್ರಿ ಹೆಚ್ಚಿದ್ದು ಬೆಳಿಗ್ಗೆ ಕಡಿಮೆ ಇರುತ್ತದೆಯೇ?

ನಾಲ್ಕಕ್ಕೂ ಹೌದು ಎಂದಾದರೆ ಇದೇ ಕಾಯಿಲೆ ಎಂದು ಅನುಮಾನಿಸಬಹುದು. ಆದರೆ ಇದನ್ನೇ ಹೋಲುವ ಬೇರೆ ತೊಂದರೆಗಳೂ ಇವೆ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಜೋರಾಗಿ ನೋಯುವುದು ಸ್ನಾಯು ಸೆಳೆತ. ಹಗಲೂ ರಾತ್ರಿ ಪಾದ ಉರಿದು, ನಡೆದರೂ ಕಡಿಮೆಯಾಗದಿದ್ದರೆ ಅದು ಸಕ್ಕರೆ ಕಾಯಿಲೆಯಿಂದ ನರಕ್ಕೆ ಆದ ಹಾನಿ ಇರಬಹುದು. ದಿನವಿಡೀ ನಿಂತವರಿಗೆ ಸಂಜೆ ಕಾಲು ಬಾತು, ಎತ್ತರಕ್ಕೆ ಇಟ್ಟರೆ ಹಗುರವಾಗುವುದಾದರೆ ರಕ್ತನಾಳ ಉಬ್ಬಿರುವ ತೊಂದರೆ ಇರಬಹುದು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಹವೆಗೂ ಕಾಲಿಗೂ ಏನು ನಂಟು?

ಕೆಲವು ವರ್ಷಗಳ ಹಿಂದೆ ಸಂಶೋಧಕರು ಒಂದು ಸರಳ ಉಪಾಯ ಮಾಡಿದರು. ಈ ಕಾಯಿಲೆಯ ಹೆಸರನ್ನು ಜನರು ಗೂಗಲ್‌ನಲ್ಲಿ ಯಾವ ತಿಂಗಳುಗಳಲ್ಲಿ ಹೆಚ್ಚು ಹುಡುಕುತ್ತಾರೆ ಎಂದು ನೋಡಿದರು. ಅಮೆರಿಕದಲ್ಲಿ ಬೇಸಿಗೆಯಲ್ಲಿ ಹೆಚ್ಚು ಹುಡುಕಾಟ ಕಂಡಿತು. ಆಸ್ಟ್ರೇಲಿಯಾದಲ್ಲೂ ಬೇಸಿಗೆಯಲ್ಲೇ ಹೆಚ್ಚು. ಅಲ್ಲಿ ಬೇಸಿಗೆ ಬರುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಕ್ಯಾಲೆಂಡರಿನ ತಿಂಗಳು ಬೇರೆಯಾದರೂ ಋತು ಒಂದೇ. ಹುಡುಕಿದವರಿಗೆಲ್ಲ ಕಾಯಿಲೆ ಇತ್ತೆಂದು ಇದರಿಂದ ಹೇಳಲಾಗದು. ಆದರೂ ಸೆಕೆಯಲ್ಲಿ ಹೆಚ್ಚಾಗುತ್ತದೆ ಎಂಬ ರೋಗಿಗಳ ಮಾತಿಗೆ ಇದು ಬಲ ಕೊಡುತ್ತದೆ. ಚಳಿಯಲ್ಲಿ, ಮಳೆಯಲ್ಲಿ ಹೆಚ್ಚಾಗುತ್ತದೆ ಎನ್ನುವವರೂ ಇದ್ದಾರೆ. ಎಲ್ಲರ ದೇಹವೂ ಒಂದೇ ರೀತಿ ಇರುವುದಿಲ್ಲ.

ಕಾರಣದ ಒಂದು ಎಳೆ ದೇಹದ ಗಡಿಯಾರದಲ್ಲಿದೆ. ಸಂಜೆಯ ಹೊತ್ತಿಗೆ ನಮ್ಮ ಒಳಮೈಯ ಬಿಸಿ ಹೆಚ್ಚಿದ್ದು ರಾತ್ರಿ ಇಳಿಯುತ್ತದೆ. ಆ ಬಿಸಿಯನ್ನು ಹೊರಹಾಕಲು ಕೈಕಾಲುಗಳ ಚರ್ಮಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಆಗಲೇ ನಿದ್ದೆ ಬರುತ್ತದೆ. ಕೋಣೆಯೇ ಕಾದಿದ್ದರೆ ಬಿಸಿ ಹೊರಹೋಗುವುದು ತಡವಾಗಿ ನಿದ್ದೆಯೂ ತಡವಾಗುತ್ತದೆ. ಕಾಲು ಚಡಪಡಿಸುವ ಹೊತ್ತೂ ಇದೇ. ಚಲನೆಯನ್ನು ನಿಯಂತ್ರಿಸಲು ಮೆದುಳು ಬಳಸುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸ ರಾತ್ರಿ ತಗ್ಗುತ್ತದೆ, ರಕ್ತದಲ್ಲಿನ ಕಬ್ಬಿಣಾಂಶವೂ ರಾತ್ರಿ ಕಡಿಮೆಯಾಗುತ್ತದೆ. ಎಚ್ಚರವಿದ್ದಷ್ಟೂ ಕಾಲಿನ ಕಾಟ, ಕಾಲಿನ ಕಾಟವಿದ್ದಷ್ಟೂ ಎಚ್ಚರ.

ಆರರಲ್ಲಿ ಒಂದು ಮಾತ್ರ ಹವೆ

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯವನ್ನು ಕಾಯುವ ಮತ್ತು ಕೆಡಿಸುವ ಆರು ಅನಿವಾರ್ಯ ಸಂಗತಿಗಳನ್ನು ಹೇಳುತ್ತಾರೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಹೆಸರು. ಮೊದಲನೆಯದು ನಮ್ಮ ಸುತ್ತಲಿನ ಹವೆ. ಉಳಿದವು ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಹವೆ ಮತ್ತು ಋತುಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ.

ಇಂದಿನ ರೋಗಿಯ ವಿಷಯದಲ್ಲೂ ಈ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಋತು ಬದಲಾದಾಗ ಹವೆಯೊಂದೇ ಬದಲಾಗುವುದಿಲ್ಲ. ನೀವು ಕುಡಿಯುವುದು, ನಡೆಯುವುದು, ಮಲಗುವ ಹೊತ್ತು, ನುಂಗುವ ಮಾತ್ರೆ ಎಲ್ಲವೂ ಬದಲಾಗುತ್ತವೆ. ಹವೆಯನ್ನು ನೀವು ಬದಲಿಸಲಾರಿರಿ. ಉಳಿದ ಐದೂ ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ.

ಸೆಕೆಗಾಲದಲ್ಲಿ

ಮಂಗಳೂರು, ಉಡುಪಿ, ಭಟ್ಕಳದ ಕಡೆ ಏಪ್ರಿಲ್‌, ಮೇ ತಿಂಗಳಲ್ಲಿ ರಾತ್ರಿಯೂ ಬೆವರು ಆರುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಹಗಲೆಲ್ಲ ಕಾದ ತಾರಸಿ ರಾತ್ರಿ ಬಹಳ ಹೊತ್ತಿನವರೆಗೆ ಬಿಸಿ ಉಗುಳುತ್ತದೆ. ಎರಡೂ ಕಡೆ ನಿದ್ದೆ ಕೆಡುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಕಾಲುಗಳನ್ನು ಮೊಣಕಾಲಿನವರೆಗೆ ತಣ್ಣೀರಿನಲ್ಲಿ ತೊಳೆಯಿರಿ. ಹತ್ತಿಯ ಹೊದಿಕೆ ಬಳಸಿ. ಫ್ಯಾನಿನ ಗಾಳಿ ಕಾಲಿನ ಕಡೆಗೂ ಬರುವಂತೆ ಮಲಗಿ. ನೀರು, ಮಜ್ಜಿಗೆ, ಎಳನೀರನ್ನು ಹಗಲಿನಲ್ಲೇ ಸಾಕಷ್ಟು ಕುಡಿಯಿರಿ. ನೀರು ಕಡಿಮೆಯಾದರೆ ಸ್ನಾಯು ಸೆಳೆತವೂ ಸೇರಿಕೊಂಡು ಯಾವುದು ಯಾವ ತೊಂದರೆಯೆಂದೇ ತಿಳಿಯದಂತಾಗುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ನೀರು, ಎಳನೀರಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರ ಕಷ್ಟ ಇನ್ನೊಂದು ಬಗೆಯದು. ಹೊರಗೆ ಸುಡುವ ಬಿಸಿಲು, ಒಳಗೆ ದಿನವಿಡೀ ಎಸಿ. ಬಿಸಿಲಿಗೆ ಹೆದರಿ ನಡಿಗೆಯೇ ನಿಂತಿರುತ್ತದೆ. ಆಫೀಸಿನ ಕುರ್ಚಿ, ಕಾರಿನ ಸೀಟು, ಮನೆಯ ಸೋಫಾ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಇಂಥವರು ಮಗ್‌ರಿಬ್‌ ಆದ ಮೇಲೆ ಅರ್ಧ ಗಂಟೆ ನಡೆಯುವುದನ್ನು ರೂಢಿಸಿಕೊಳ್ಳಬೇಕು. ಎಸಿಯನ್ನು ತೀರಾ ತಣ್ಣಗಿಟ್ಟು ದಪ್ಪ ಕಂಬಳಿ ಹೊದ್ದು ಮಲಗುವುದಕ್ಕಿಂತ ಹಿತವಾದ ತಂಪಿನಲ್ಲಿ ತೆಳು ಹೊದಿಕೆ ಹೊದ್ದು ಮಲಗುವುದು ಒಳ್ಳೆಯದು. ಊರಿಗೆ ವಿಮಾನದಲ್ಲಿ ಬರುವಾಗ ಅಂಚಿನ ಸೀಟು ಕೇಳಿಕೊಂಡರೆ ಎದ್ದು ಓಡಾಡಲು ಸುಲಭ.

ಮಳೆಗಾಲದಲ್ಲಿ

ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಮೂರು ಸಂಗತಿಗಳು ನಡೆಯುತ್ತವೆ. ನಡಿಗೆ ನಿಲ್ಲುತ್ತದೆ, ಚಹಾ ಹೆಚ್ಚುತ್ತದೆ, ಮನೆಯಲ್ಲಿ ಯಾರಿಗಾದರೂ ಶೀತ ಇದ್ದೇ ಇರುತ್ತದೆ.

ಮೂರನೆಯದಕ್ಕೆ ವಿಶೇಷ ಗಮನ ಕೊಡಿ. ನೆಗಡಿ, ಕೆಮ್ಮು, ಅಲರ್ಜಿಗೆಂದು ಅಂಗಡಿಯಿಂದ ತರುವ ಅನೇಕ ಮಾತ್ರೆ, ಸಿರಪ್‌ಗಳಲ್ಲಿ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಪ್ರೊಮೆಥಝೀನ್‌ನಂತಹ ಔಷಧಗಳಿರುತ್ತವೆ. ಇವು ತೂಕಡಿಕೆ ತರುತ್ತವೆ. ಆದರೆ ಕಾಲುಗಳ ಚಡಪಡಿಕೆ ಇರುವವರಲ್ಲಿ ಅದನ್ನು ಕೆರಳಿಸುತ್ತವೆ. ಕಣ್ಣು ಎಳೆಯುತ್ತಿರುತ್ತದೆ, ಕಾಲು ಮಲಗಲು ಬಿಡುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಹೀಗೆಯೇ ಮಾಡುತ್ತದೆ. ಮಳೆಯ ಮೇಲೆ ಹೊರಿಸುವ ಎಷ್ಟೋ ದೂರುಗಳು ಹೋಗಿ ಸೇರಬೇಕಾದದ್ದು ಸಿರಪ್ ಬಾಟಲಿಗೆ. ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ವಾರ ಯಾವ ಮಾತ್ರೆ ಹೊಸದಾಗಿ ಸೇರಿತು? ಅದನ್ನು ನುಂಗಿದ ರಾತ್ರಿಯೇ ಕಾಲು ಹೆಚ್ಚಾಯಿತೇ? ಬಿಟ್ಟ ಮೇಲೆ ಕಡಿಮೆಯಾಯಿತೇ? ಹೌದಾದರೆ ವೈದ್ಯರಿಗೆ ತಿಳಿಸಿ ಬೇರೆ ಔಷಧ ಕೇಳಿ. ಕೆಲವು ಖಿನ್ನತೆಯ ಔಷಧಗಳಿಂದಲೂ ಹೀಗಾಗುವುದುಂಟು. ಅವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರೊಂದಿಗೆ ಮಾತನಾಡಿ.

ಚಹಾ, ಕಾಫಿಯನ್ನು ಅಸರ್ ಹೊತ್ತಿಗೆ ಮುಗಿಸಿಬಿಡಿ. ಹಾಲು ಹಾಕದ ಸುಲೈಮಾನಿಯೂ ಚಹಾವೇ. ಅದು ನಿದ್ದೆ ತಡಮಾಡುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದರೆ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಧೂಮಪಾನವಿದ್ದರೆ ಬಿಡಿ. ಹೊರಗೆ ನಡೆಯಲಾಗದಿದ್ದರೆ ಜಗಲಿಯಲ್ಲೋ ವರಾಂಡದಲ್ಲೋ ಇಪ್ಪತ್ತು ನಿಮಿಷ ಓಡಾಡಿ. ಮಲಗುವ ಮೊದಲು ಗೋಡೆಗೆ ಕೈಯೂರಿ ಒಂದೊಂದೇ ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲಕ್ಕೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಎರಡೂ ಕಾಲಿಗೆ ಮೂರು ಮೂರು ಸಲ.

ಚಳಿಗಾಲದಲ್ಲಿ

ಕೊಡಗು, ಚಿಕ್ಕಮಗಳೂರು, ಬೆಂಗಳೂರು, ಬೀದರ್‌ನ ಚಳಿಯಲ್ಲಿ ಕೆಲವರಿಗೆ ಕಾಲು ಹಗುರವಾಗುತ್ತದೆ, ಕೆಲವರಿಗೆ ಬಿಗಿಯುತ್ತದೆ. ಬಿಗಿಯುವವರಿಗೆ ಶಾಖ ಹಿತ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟುಕೊಂಡು, ಒರೆಸಿ, ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆಯಿಂದ ಮೀನಖಂಡವನ್ನು ಮೇಲ್ಮುಖವಾಗಿ ತಿಕ್ಕಿ. ಯುನಾನಿಯಲ್ಲಿ ಇದನ್ನು ದಲ್ಕ್ ಎನ್ನುತ್ತಾರೆ. ಇದು ಆ ರಾತ್ರಿಗೆ ಆರಾಮ ಕೊಡುತ್ತದೆ, ಕಾಯಿಲೆಯ ಬೇರನ್ನು ಕೀಳುವುದಿಲ್ಲ. ಸೆಕೆಯಲ್ಲಿ ಹೆಚ್ಚಾಗುವವರಿಗೆ ಬಿಸಿನೀರು ಹೊಂದದಿರಬಹುದು. ನಿಮ್ಮ ಕಾಲಿಗೆ ಯಾವುದು ಹಿತವೋ ಅದನ್ನೇ ಮಾಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಎಚ್ಚರಿಕೆ: ಪಾದಕ್ಕೆ ಸ್ಪರ್ಶ ಕಡಿಮೆಯಿದ್ದರೆ ನೀರಿನ ಬಿಸಿ ತಿಳಿಯುವುದಿಲ್ಲ. ಮೊದಲು ಮೊಣಕೈ ಅದ್ದಿ ನೋಡಿ, ಅಥವಾ ಮನೆಯವರಿಂದ ನೋಡಿಸಿ. ಬಿಸಿನೀರಿನ ಚೀಲವನ್ನು ಪಾದದ ಬಳಿ ಇಟ್ಟು ಮಲಗಬೇಡಿ. ಸುಟ್ಟ ಗಾಯ ಬೆಳಿಗ್ಗೆಯೇ ಗೊತ್ತಾಗುವುದು.

ರಮಝಾನ್‌ನಲ್ಲಿ

ರಮಝಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಋತುಗಳನ್ನೂ ಹಾದುಹೋಗುತ್ತದೆ. ಆದ್ದರಿಂದ ಒಂದು ವರ್ಷದ ಅನುಭವ ಹತ್ತು ವರ್ಷದ ನಂತರ ಹಾಗೆಯೇ ಇರುವುದಿಲ್ಲ. ಇಫ್ತಾರ್‌ನಿಂದ ಸಹರಿಯವರೆಗೆ ಮತ್ತೆ ಮತ್ತೆ ಚಹಾ ಕುಡಿದು, ನಿದ್ದೆಯನ್ನು ತುಂಡು ತುಂಡಾಗಿ ಮಾಡಿದರೆ ಕಾಲು ಕೆರಳುವುದು ಸಹಜ. ನಮಾಝ್‌ನಲ್ಲಿ ಕಾಲಿಗೆ ಚಲನೆ ಇರುವುದರಿಂದ ಅಷ್ಟಾಗಿ ಕಾಡುವುದಿಲ್ಲ, ಕುಳಿತು ಕೇಳುವ ದೀರ್ಘ ಪ್ರವಚನದಲ್ಲಿ ಕಾಡುತ್ತದೆ. ಪಕ್ಕದವರು ಕಾಲು ಅಲ್ಲಾಡಿಸುತ್ತಲೇ ಇದ್ದರೆ ಅಗೌರವ ಎಂದು ಗದರಿಸುವ ಮೊದಲು ಇದನ್ನೂ ನೆನಪಿಸಿಕೊಳ್ಳಿ.

ಬೇರು ಎಲ್ಲಿದೆ? ಕಬ್ಬಿಣಾಂಶ ನೋಡಿಸಿ

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಕಾಲುಗಳ ಚಡಪಡಿಕೆಗೆ ಗೊತ್ತಿರುವ ಕಾರಣಗಳಲ್ಲಿ ಬಹಳ ಮುಖ್ಯವಾದದ್ದು ಕಬ್ಬಿಣಾಂಶದ ಕೊರತೆ. ಮೆದುಳಿನಲ್ಲಿ ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ಅದು ಸಾಲದಿದ್ದರೆ ಕಾಲುಗಳ ಚಡಪಡಿಕೆ ಹೆಚ್ಚಬಹುದು.

'ಹಿಮೋಗ್ಲೋಬಿನ್ ನೋಡಿಸಿದ್ದೇನೆ ಡಾಕ್ಟ್ರೇ, ಸರಿಯಿದೆ' ಎಂದು ಹಲವರು ಹೇಳುತ್ತಾರೆ. ಅಷ್ಟೇ ಸಾಲದು. ದೇಹದ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆ ಎಂದು ಹೇಳುವುದು ಫೆರಿಟಿನ್ ಪರೀಕ್ಷೆ. ಉಗ್ರಾಣ ಖಾಲಿಯಾಗುತ್ತಿದ್ದರೂ ಹಿಮೋಗ್ಲೋಬಿನ್ ಕೆಲವು ಕಾಲ ಸರಿಯಾಗಿಯೇ ಇರಬಹುದು. ಪ್ರಯೋಗಾಲಯದ ವರದಿಯಲ್ಲಿ ಫೆರಿಟಿನ್ 20, 30 ಇದ್ದರೂ 'ಸಾಮಾನ್ಯ' ಎಂದೇ ಬರೆದಿರಬಹುದು. ಆದರೆ ಈ ಕಾಯಿಲೆ ಇರುವ ದೊಡ್ಡವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಯೋಚಿಸಬೇಕು ಎಂಬುದು ತಜ್ಞರ ಸಲಹೆ. ಇನ್ನೊಂದು ವಿಷಯ: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಮಳೆಗಾಲದ ಜ್ವರದ ನಡುವೆ ಪರೀಕ್ಷೆ ಮಾಡಿಸಿದರೆ ಕೊರತೆ ಮುಚ್ಚಿಹೋಗಬಹುದು. ಗುಣವಾದ ಮೇಲೆ ಮಾಡಿಸಿ.

ಆಹಾರದಲ್ಲಿ ಮಾಂಸ, ಮೀನು, ಕಲೇಜಿ, ಹುರುಳಿ, ಹೆಸರುಕಾಳು, ನುಗ್ಗೆಸೊಪ್ಪು, ಎಳ್ಳು ಇರಲಿ. ಜೊತೆಗೆ ನಿಂಬೆರಸವಿದ್ದರೆ ಕಾಳು ಸೊಪ್ಪುಗಳ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಗರ್ಭಿಣಿಯರು ಕಲೇಜಿ ತಿನ್ನಬಾರದು, ಅದರಲ್ಲಿ ವಿಟಮಿನ್ ಎ ಅತಿಯಾಗಿರುತ್ತದೆ. ಖರ್ಜೂರ ಒಳ್ಳೆಯದೇ, ಆದರೆ ದಿನಕ್ಕೆ ಮೂರು ಖರ್ಜೂರದಿಂದ ಖಾಲಿ ಉಗ್ರಾಣ ತುಂಬುವುದಿಲ್ಲ. ಕೊರತೆ ಖಚಿತವಾದರೆ ಮಾತ್ರೆ ಬೇಕು, ಕೆಲವರಿಗೆ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನಾಗಲಿ ಕುಷ್ತಾ ಫೌಲಾದನ್ನಾಗಲಿ ತಿನ್ನಬೇಡಿ. ಥಲಸೇಮಿಯಾ ಇರುವವರಿಗೆ ಮತ್ತು ಇನ್ನು ಕೆಲವರಿಗೆ ಕಬ್ಬಿಣ ಹೆಚ್ಚಾಗುವುದೇ ಅಪಾಯ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಕೊರತೆ ಏಕಾಯಿತು ಎಂಬುದನ್ನೂ ಹುಡುಕಬೇಕು. ಮುಟ್ಟಿನ ಸ್ರಾವ ಅತಿಯಾಗಿದೆಯೇ? ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದೆಯೇ? ಮಲ ಕಪ್ಪಗಾಗುತ್ತಿದೆಯೇ? ಹೊಟ್ಟೆಯ ಹುಣ್ಣಿನಿಂದ, ಕೆಲವೊಮ್ಮೆ ಕರುಳಿನ ಗಡ್ಡೆಯಿಂದಲೂ ರಕ್ತ ಸದ್ದಿಲ್ಲದೆ ಸೋರುತ್ತಿರುತ್ತದೆ. ಹವೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದರೆ ಕಳೆದುಹೋಗುವುದು ಈ ಹುಡುಕಾಟದ ಸಮಯ.

ಹಿಜಾಮಾ ಮಾಡಿಸುವ ಮೊದಲು

ಒಬ್ಬ ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಕಾಲು ಎಳೆಯುತ್ತದೆ ಎಂದ ಕೂಡಲೇ ಕೆಟ್ಟ ರಕ್ತ ತೆಗೆಸೋಣ ಎಂದು ಹಿಜಾಮಾಕ್ಕೆ ಓಡುವವರಿದ್ದಾರೆ. ರಕ್ತ ತೆಗೆಯುವ ಹಿಜಾಮಾ ಎಲ್ಲರಿಗೂ ಅಲ್ಲ. ರಕ್ತಹೀನತೆ ಇರುವವರಿಗೆ, ಗರ್ಭಿಣಿಯರಿಗೆ, ರಕ್ತ ತೆಳುವಾಗಲು ಮಾತ್ರೆ ನುಂಗುವವರಿಗೆ ಅದನ್ನು ಮಾಡಬಾರದು. ಕಬ್ಬಿಣದ ಕೊರತೆಯಿಂದ ಚಡಪಡಿಸುವ ಕಾಲಿನಿಂದ ಮತ್ತೆ ರಕ್ತ ತೆಗೆಯುವುದೆಂದರೆ ಖಾಲಿ ಡಬ್ಬಿಯನ್ನು ಇನ್ನಷ್ಟು ಕೆರೆದಂತೆ. ಪದೇ ಪದೇ ರಕ್ತದಾನ ಮಾಡುವವರೂ ತಮ್ಮ ಫೆರಿಟಿನ್ ನೋಡಿಕೊಳ್ಳಬೇಕು. ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ಗರ್ಭಿಣಿಯರು ಮತ್ತು ದೀರ್ಘ ಕಾಯಿಲೆಯವರು

ಗರ್ಭದ ಕೊನೆಯ ಮೂರು ತಿಂಗಳಲ್ಲಿ ಈ ತೊಂದರೆ ಸಾಮಾನ್ಯ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಸೊಸೆ ರಾತ್ರಿಯೆಲ್ಲ ಮನೆಯೊಳಗೆ ಓಡಾಡುತ್ತಾಳೆ, ಹಗಲು ಮಲಗುತ್ತಾಳೆ ಎಂದು ದೂರುವ ಅತ್ತೆಯಂದಿರು ಅವಳ ಕಬ್ಬಿಣದ ಮಾತ್ರೆ ತಪ್ಪದಂತೆ ನೋಡಿಕೊಂಡರೆ ದೊಡ್ಡ ಉಪಕಾರ. ಮೂತ್ರಪಿಂಡದ ಕಾಯಿಲೆಯಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲೂ ಇದು ಹೆಚ್ಚು. ಅವರು ಮನೆಮದ್ದಿನ ಪ್ರಯೋಗ ಮಾಡದೆ ಡಯಾಲಿಸಿಸ್ ವೈದ್ಯರಿಗೇ ಹೇಳಬೇಕು.

ಈ ಕಾಯಿಲೆಗೆ ಈಗಾಗಲೇ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಮಾತ್ರೆ ನುಂಗುತ್ತಿದ್ದೀರಾ? ಮೊದಲು ರಾತ್ರಿ ಹತ್ತಕ್ಕೆ ಬರುತ್ತಿದ್ದದ್ದು ಈಗ ಸಂಜೆ ನಾಲ್ಕಕ್ಕೇ ಬರುತ್ತಿದೆಯೇ? ಕೈಗಳಿಗೂ ಹರಡಿದೆಯೇ? ಇದನ್ನು ಹವೆಯ ದೋಷ ಎಂದುಕೊಳ್ಳಬೇಡಿ. ಈ ಔಷಧಗಳನ್ನು ಬಹುಕಾಲ ಬಳಸಿದಾಗ ಕಾಯಿಲೆಯೇ ಹೆಚ್ಚುವುದುಂಟು. ಪ್ರಮಾಣ ಏರಿಸುವುದೂ ಬೇಡ, ಒಮ್ಮೆಲೇ ನಿಲ್ಲಿಸುವುದೂ ಬೇಡ. ವೈದ್ಯರನ್ನು ಕಾಣಿ.

ಒಂದು ತಿಂಗಳ ಲೆಕ್ಕ ಬರೆಯಿರಿ

ಹವೆಯ ಪಾಲು ಎಷ್ಟು, ಉಳಿದದ್ದರ ಪಾಲು ಎಷ್ಟು ಎಂದು ತಿಳಿಯಲು ಹಳೆಯ ನೋಟ್‌ಬುಕ್ ಒಂದು ಸಾಕು. ಪ್ರತಿದಿನ ಬೆಳಿಗ್ಗೆ ಇಷ್ಟನ್ನು ಬರೆಯಿರಿ: ನಿನ್ನೆ ಸೆಕೆಯೋ ಮಳೆಯೋ ಚಳಿಯೋ, ಕಾಲು ಶುರುವಾದ ಗಂಟೆ, ಎಷ್ಟು ಸಲ ಎದ್ದಿರಿ, ಕೊನೆಯ ಚಹಾ ಎಷ್ಟು ಹೊತ್ತಿಗೆ, ನಡೆದಿರಾ ಇಲ್ಲವೇ, ಯಾವ ಮಾತ್ರೆ ನುಂಗಿದಿರಿ, ಹೆಂಗಸರಾದರೆ ಮುಟ್ಟಿನ ದಿನವೇ. ತಿಂಗಳ ಕೊನೆಗೆ ಪುಟ ತಿರುವಿದರೆ ನಿಮ್ಮ ಕಾಲನ್ನು ಕೆರಳಿಸುವುದು ಯಾವುದೆಂದು ನಿಮಗೇ ಕಾಣುತ್ತದೆ. ವೈದ್ಯರ ಬಳಿ ಹೋಗುವಾಗ ಆ ಪುಸ್ತಕವನ್ನೂ ಫೆರಿಟಿನ್ ವರದಿಯನ್ನೂ ಜೊತೆಗೆ ಒಯ್ಯಿರಿ.

ಕೆಲವು ಲಕ್ಷಣಗಳಿಗೆ ಮಾತ್ರ ನೋಟ್‌ಬುಕ್ ಹಿಡಿದು ಕಾಯಬಾರದು. ಒಂದೇ ಕಾಲು ಬಾತು ಕೆಂಪಾಗಿ ಬಿಸಿಯಾದರೆ, ಕಾಲಿನ ಬಲ ಕುಂದಿದರೆ, ಮರಗಟ್ಟುವಿಕೆ ಮೇಲಕ್ಕೆ ಏರುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ರಾತ್ರಿ ಎದ್ದು ಓಡಾಡುವವರು ಯಾರಾದರೂ ಇದ್ದರೆ ನಾಳೆ ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಮೇಲಿನ ನಾಲ್ಕು ಪ್ರಶ್ನೆ ಕೇಳಿ. ಎಷ್ಟೋ ತಾಯಂದಿರು 'ವಯಸ್ಸಾಯಿತಲ್ಲ' ಎಂದು ಇದನ್ನು ಯಾರಿಗೂ ಹೇಳದೆ ಸಹಿಸಿಕೊಂಡಿರುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ರಕ್ತಪರೀಕ್ಷೆ, ಮತ್ತು ಅವರ ಮಾತನ್ನು ನಂಬುವ ಒಬ್ಬರು.